ಸ್ಟೇಶನ್ ರಸ್ತೆಯ ಬಾಲ್ಕನಿ

ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ಶಂಭುಲಿಂಗಪ್ಪ ರಾಯಚೂರಿನ ಸ್ಟೇಶನ್ ರಸ್ತೆಯಲ್ಲಿ ಹಳೆಯ ಹತ್ತಿ ಗೋದಾಮೊಂದನ್ನು ಕೊಂಡು ಕೆಡವಿಸಿದ ಸುದ್ದಿ ಕಿವಿಗೆ ಬಿದ್ದಾಗಲೇ, ಅಲ್ಲಿ ಏಳುವ ಕಟ್ಟಡದ ಕೆಲಸ ತನಗೇ ಬರುತ್ತದೆಂದು ಗುಲಾಮ್ ದಸ್ತಗೀರ್ ನಂಬಿಬಿಟ್ಟ. ನಂಬಲು ಕಾರಣವೂ ಇತ್ತು. ಹತ್ತು ವರ್ಷದ ಹಿಂದೆ, ಎಪ್ಪತ್ತಮೂರನೇ ಇಸವಿಯ ಸುಮಾರಿಗೆ, ಮಾನ್ವಿಯ ಆ ಗಿರಣಿಯನ್ನು ಕಟ್ಟಿದವನು ಅವನೇ. ಎರಡಡಿ ದಪ್ಪದ ಕಲ್ಲಿನ ಗೋಡೆ, ಎತ್ತಿನ ಗಾಣದಲ್ಲಿ ಅರೆಸಿದ ಸುಣ್ಣದ ಗಚ್ಚು, ಮೇಲೆ ತಗಡಿನ ಮಾಡು. ಒಳಗೆ ಯಂತ್ರಗಳು ಹಗಲಿಡೀ ನೆಲ ನಡುಗಿಸಿದರೂ ಆ ಗೋಡೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿರಲಿಲ್ಲ. ಕಲ್ಲಿನ ಕೆಲಸವೆಂದರೆ ದಸ್ತಗೀರ್ ಉಸ್ತಾದ್ ಎಂದು ರಾಯಚೂರಿನ ಹತ್ತಿ ವ್ಯಾಪಾರಿಗಳೂ ಗಿರಣಿಯವರೂ ಹೇಳುತ್ತಿದ್ದರು. ಆ ಮಾತು ಅವನಿಗೆ ಊಟದಷ್ಟೇ ರೂಢಿಯಾಗಿತ್ತು.

ಶಂಭುಲಿಂಗಪ್ಪ ಕರೆಸಿದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಸ್ಸು ಹತ್ತಿ ಮಾನ್ವಿಗೆ ಹೋದ.

"ಬರ್ರಿ ಉಸ್ತಾದ್, ಕುಂದರ್ರಿ," ಎಂದು ಶಂಭುಲಿಂಗಪ್ಪ ಮೇಜಿನ ಮೇಲೆ ದೊಡ್ಡ ನೀಲಿ ಕಾಗದವೊಂದನ್ನು ಬಿಚ್ಚಿ ಹಾಸಿದ. "ಕೆಳಗ ಅಂಗಡಿ, ನಡುವ ಬ್ಯಾಂಕು, ಮ್ಯಾಲ ಲಾಡ್ಜಿಂಗು. ಹೈದರಾಬಾದಿನ ಎಂಜಿನಿಯರು ಬರದು ಕೊಟ್ಟಾರ."

ದಸ್ತಗೀರ್ ಕಾಗದದ ಮೇಲೆ ಬಗ್ಗಿ ನೋಡಿದ. ನಕ್ಷೆ ಓದಲು ಅವನಿಗೆ ಬರುತ್ತಿತ್ತು. ಆದರೆ ಇದರಲ್ಲಿ ದಪ್ಪ ಗೆರೆಗಳೇ ಇರಲಿಲ್ಲ. ಸಾಲುಸಾಲಾಗಿ ಕಪ್ಪು ಚೌಕಗಳಿದ್ದವು.

"ಗೋಡಿ ಎಲ್ಲಿ ಅದಾವ್ರಿ ಸಾವ್ಕಾರ್ರ?"

"ಗೋಡಿ ಇಲ್ಲ. ಈ ಚೌಕ ಅದಾವಲ್ಲ, ಇವೆಲ್ಲ ಕಾಂಕ್ರೀಟಿನ ಕಂಬ. ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಸ್ಲ್ಯಾಬು. ನಿಮ್ಮ ಎರಡಡಿ ಗೋಡಿ ಹಾಕಿದ್ರ ಅರ್ಧ ಅಂಗಡಿ ಗೋಡಿನ ತಿಂತದ. ಮುಂದಗಡಿ ಪೂರಾ ಶಟರ್ ಬೇಕಂತ ಬಾಡಿಗಿಯವರು ಹೇಳ್ತಾರ."

ದಸ್ತಗೀರ್ ಕಾಗದದಿಂದ ತಲೆಯೆತ್ತಿದ. "ಯಾರ್ ಮಾಡ್ತಾರ?" ಎಂದ.

"ನಿಮ್ಮ ಹುಡುಗನ ಮಾಡ್ತಾನ. ಸುಂಕಪ್ಪ," ಎಂದ ಶಂಭುಲಿಂಗಪ್ಪ, ಇದರಿಂದ ಅವನಿಗೆ ಸಂತೋಷವಾಗುತ್ತದೆಂದು ತಿಳಿದವನಂತೆ. "ನಿಮಗೂ ಕೆಲಸ ಅದ. ಪಾಯದ ಕಲ್ಲು ಮತ್ತ ಕಾಂಪೌಂಡು ನೀವ ಕಟ್ಟಬೇಕು."

ಸುಂಕಪ್ಪ ದೇವದುರ್ಗದವನು. ಮೀಸೆ ಮೂಡುವ ಮೊದಲೇ ದಸ್ತಗೀರನ ಕೈಕೆಳಗೆ ಬಂದು ಸೇರಿ, ಉಳಿ ಹಿಡಿಯುವುದರಿಂದ ಹಿಡಿದು ಗೋಡೆಯ ಮೂಲೆ ಎಬ್ಬಿಸುವವರೆಗೆ ಎಲ್ಲವನ್ನೂ ಅವನಿಂದಲೇ ಕಲಿತವನು. ಮಾನ್ವಿಯ ಗಿರಣಿಗೆ ಕಲ್ಲು ಹೊತ್ತವನು. ಆಮೇಲೆ ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋಗಿ, ದೇವಸೂಗೂರಿನ ಹತ್ತಿರ ಏಳುತ್ತಿದ್ದ ಥರ್ಮಲ್ ವಿದ್ಯುತ್ ಕೇಂದ್ರದ ಕೆಲಸಕ್ಕೆ ಸೇರಿದ್ದ. ಅಲ್ಲಿ ಸರಳು ಬಗ್ಗಿಸುವುದು, ಕಾಂಕ್ರೀಟಿಗೆ ಹಲಗೆಯ ಅಚ್ಚು, ಅಂದರೆ ಸೆಂಟ್ರಿಂಗ್ ಕಟ್ಟುವುದು, ಕಾಂಕ್ರೀಟು ಹಾಕಿಸುವುದು ಕಲಿತು, ಈಗ ತನ್ನದೇ ಒಂದು ತಂಡ ಕಟ್ಟಿಕೊಂಡಿದ್ದ.

ಬೇಡವೆಂದು ಎದ್ದು ಬರಬೇಕೆಂದು ದಸ್ತಗೀರನಿಗೆ ಅನ್ನಿಸಿತು. ಆದರೆ ಎದ್ದು ಬಂದರೆ ಸುಂಕಪ್ಪ ಅಲ್ಲಿ ಏನು ಮಾಡುತ್ತಾನೆಂದು ದಿನವೂ ನೋಡುವುದು ಹೇಗೆ? ಅವನು ಎಡವುವುದು ಕಣ್ಣಿಗೆ ಬೀಳುವುದು ಹೇಗೆ?

"ಆಗ್ಲಿ," ಎಂದ. ಕೊಟ್ಟ ಚಹಾ ಹಾಗೇ ಆರಿತ್ತು.

ಕೆಲಸ ಶುರುವಾದ ದಿನ ಸುಂಕಪ್ಪ ಲೂನಾ ಮೇಲೆ ಬಂದಿಳಿದ. ಕೈಗೆ ಗಡಿಯಾರ, ಜೇಬಿನಲ್ಲಿ ಪೆನ್ಸಿಲು. ಎಲ್ಲರೆದುರಿಗೆ ಬಂದು ದಸ್ತಗೀರನ ಕಾಲು ಮುಟ್ಟಿದ.

"ಉಸ್ತಾದ್, ನಿಮ್ಮ ಆಶೀರ್ವಾದ ಇರ್ಲಿ."

"ಇರ್ತದ, ಇರ್ತದ," ಎಂದ ದಸ್ತಗೀರ್. ತೋರಿಕೆಗಾಗಿ ಮುಟ್ಟಿದನೆಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಸುಂಕಪ್ಪನ ಮುಖದಲ್ಲಿ ತೋರಿಕೆ ಇರಲಿಲ್ಲ. ಅದೇ ಅವನನ್ನು ಇನ್ನಷ್ಟು ಸುಟ್ಟಿತು.

ಪಾಯದ ಕಲ್ಲು ಬೇಗ ಮುಗಿಯಿತು. ದಸ್ತಗೀರ್ ಜಾಗದ ಅಂಚಿಗೆ ಸರಿದು ಕಾಂಪೌಂಡು ಗೋಡೆ ಹಿಡಿದ. ಅಲ್ಲಿ ಕೂತು ಕಲ್ಲು ಕೆತ್ತುತ್ತಾ ದಿನವೂ ನೋಡಿದ. ಸರ್ಕಾರದ ಪರ್ಮಿಟ್ಟಿನ ಮೇಲೆ ಸಿಕ್ಕ ಸಿಮೆಂಟು ಚೀಲಗಳು ತಾಡಪತ್ರಿಯ ಕೆಳಗೆ ಏರಿದವು. ಕೃಷ್ಣೆಯ ಉಸುಕು, ಒಡೆದ ಕಲ್ಲಿನ ಖಡಿ, ತಿರುಚಿದ ಗೆರೆಗಳಿದ್ದ ಉಕ್ಕಿನ ಸರಳು ಲಾರಿಯಲ್ಲಿ ಬಂದವು. ಸುಂಕಪ್ಪನ ಜನ ಸರಳುಗಳನ್ನು ಪಂಜರದ ಹಾಗೆ ಹೆಣೆದು ನಿಲ್ಲಿಸಿ, ಸುತ್ತ ಹಲಗೆ ಬಿಗಿದು, ಕಾಂಕ್ರೀಟು ಸುರಿಯುತ್ತಿದ್ದರು. ಹಲಗೆ ಬಿಚ್ಚಿದರೆ ಕಂಬ. ದಸ್ತಗೀರನ ಗೋಡೆ ಮೊಣಕಾಲೆತ್ತರ ಏಳುವಷ್ಟರಲ್ಲಿ ಸುಂಕಪ್ಪನ ಕಂಬಗಳು ಆಳೆತ್ತರ ದಾಟಿದ್ದವು.

ಸಂಜೆ ಮನೆಗೆ ಬಂದರೆ ಹೆಂಡತಿ ಖಾಸಿಂ ಬೀ ಮೊದಲು ಕೇಳುತ್ತಿದ್ದುದೇ ಸುಂಕಪ್ಪನನ್ನು. ಕೆಲಸ ಕಲಿಯುವಾಗ ಸುಂಕಪ್ಪ ಅವಳ ಕೈಯಲ್ಲೇ ಉಂಡಿದ್ದ. ಅವಳಿಗೆ ಮಕ್ಕಳಿರಲಿಲ್ಲ.

"ಎಷ್ಟು ಮಂದಿ ಅವನ ಕೈಕೆಳಗೆ ಇದ್ದಾರಂತೆ? ಹುಡುಗ ಮುಂದೆ ಬಂದ ನೋಡ್ರಿ," ಎಂದು ಅವಳು ದಖನಿಯಲ್ಲಿ ಹೇಳಿದರೆ, ದಸ್ತಗೀರ್ ತಟ್ಟೆ ಸರಿಸುತ್ತಿದ್ದ.

"ಅವು ಕಂಬಗಳಾ? ಊದುಬತ್ತಿ ಕಡ್ಡಿಗಳು. ಮೇಲೆ ಭಾರ ಬೀಳಲಿ, ಗೊತ್ತಾಗುತ್ತದೆ."

ಹೀಗೆ ಹೇಳುವಾಗಲೂ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಅವನು ಒಂದು ಕಂಬದ ಹತ್ತಿರ ಹೋಗಿ ಸುತ್ತಿಗೆಯಿಂದ ಮೆಲ್ಲನೆ ಬಡಿದು ನೋಡಿದ್ದ. ಗಟ್ಟಿ ಬಂಡೆಯ ಸದ್ದು ಬಂದಿತ್ತು. ತೂಗುಗುಂಡು ಇಳಿಬಿಟ್ಟು ನೋಡಿದ್ದ. ದಾರ ಕಂಬದಗುಂಟ ಮೇಲಿಂದ ಕೆಳಗಿನವರೆಗೆ ಒಂದೇ ಅಂತರ ಬಿಟ್ಟು ನಿಂತಿತ್ತು. ಹಾಗೆ ನೇರ ನೋಡುವುದನ್ನು ಸುಂಕಪ್ಪನಿಗೆ ಕಲಿಸಿದವನು ತಾನೇ. ಆ ಕಂಬ ವಾಲಿರಲಿ ಎಂದು ಹಾರೈಸಿ ದಾರ ಬಿಟ್ಟವನೂ ತಾನೇ.

ಕಂಬಗಳ ನಡುವೆ ತೆಳ್ಳಗಿನ ಇಟ್ಟಿಗೆ ಗೋಡೆ ಏರಿಸುತ್ತಿದ್ದ ದಿನ ಶಂಭುಲಿಂಗಪ್ಪ, "ಇಷ್ಟ ತೆಳ್ಳಗ ಸಾಕೇನೋ?" ಎಂದು ಸುಂಕಪ್ಪನನ್ನು ಕೇಳಿದ.

"ಸಾಕ್ರಿ ಸಾವ್ಕಾರ್ರ. ಭಾರ ಎಲ್ಲ ಕಂಬ ಹೊರ್ತಾವ. ಈ ಮನ್ಯಾಗ ಗೋಡಿ ಅಂದ್ರ ಪರದಾ ಇದ್ದಂಗ. ಕಿತ್ತು ಒಗದ್ರೂ ಕಟ್ಟಡ ನಿಂತಿರ್ತದ."

ಸುಂಕಪ್ಪ ಇದ್ದುದನ್ನು ಇದ್ದ ಹಾಗೆ ಹೇಳಿದ್ದ. ಆದರೆ ಆಚೆ ಗೋಡೆ ಕಟ್ಟುತ್ತ ಕೂತಿದ್ದ ದಸ್ತಗೀರ್ ಕೈಲಿದ್ದ ಉಳಿ ಕೆಳಗಿಟ್ಟ. ನಲವತ್ತು ವರ್ಷ ಅವನು ಕಟ್ಟಿದ್ದೆಲ್ಲ ಗೋಡೆಯೇ. ಗೋಡೆ ಮನೆಯನ್ನು ಹೊರುತ್ತದೆ, ಮೇಸ್ತ್ರಿ ಗೋಡೆಯನ್ನು ಹೊರುತ್ತಾನೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಅದನ್ನು ಇವನು ಪರದೆ ಎಂದ. ಅಂದಿನಿಂದ ಅವನು ಸುಂಕಪ್ಪನ ನಮಸ್ಕಾರಕ್ಕೆ ತಲೆಯಷ್ಟೇ ಅಲ್ಲಾಡಿಸತೊಡಗಿದ.

ಮೊದಲ ಮಹಡಿಯ ಸ್ಲ್ಯಾಬಿನ ಹೊತ್ತಿಗೆ ಒಂದು ಹೊಸ ಸಂಗತಿ ಎದ್ದಿತು. ರಸ್ತೆಯ ಕಡೆಗೆ, ಅಂಗಡಿಗಳ ಮೇಲೆ, ಉದ್ದಕ್ಕೂ ಒಂದು ಬಾಲ್ಕನಿ ಚಾಚಬೇಕಾಗಿತ್ತು. ಅದರ ತುದಿಗೆ ಕಂಬವಿಲ್ಲ, ಕೆಳಗೆ ಯಾವ ಆಸರೆಯೂ ಇಲ್ಲ. ಖಡಿ, ಉಸುಕು ಹೊರುವ ಹೆಂಗಸರ ಮುಂದಾಳು ಅಂಬಮ್ಮ, ಮಟಮಾರಿಯವಳು, ಸರಳು ಕಟ್ಟುವುದನ್ನು ನೋಡುತ್ತಾ ಕೇಳಿದಳು: "ಏನೋ ಸುಂಕಪ್ಪ, ಇದಕ್ಕ ಕೆಳಗ ಏನೂ ಇಲ್ಲಲ್ಲೋ. ಬೀಳಂಗಿಲ್ಲೇನು?"

ಸುಂಕಪ್ಪ ನಕ್ಕು, ತಳದ ಹಲಗೆಗಳಿಂದ ಒಂದಷ್ಟು ಎತ್ತರದಲ್ಲಿ ಕಟ್ಟಿದ್ದ ಸರಳುಗಳನ್ನು ತೋರಿಸಿದ. ಅವುಗಳ ಕೆಳಗೆ ಸಣ್ಣ ಸಣ್ಣ ಕಬ್ಬಿಣದ ಕಾಲುಗಳನ್ನು ನಿಲ್ಲಿಸಿದ್ದ.

"ಈ ಬಾಲ್ಕನಿ ಜೀವ ಎಲ್ಲಾ ಈ ಕಬ್ಬಿಣದಾಗ ಅದ, ಯವ್ವಾ. ತುದಿ ಕೆಳಗ ಜಗ್ತದ. ಮ್ಯಾಲಿನ ಕಬ್ಬಿಣ ಹಿಂದಕ್ಕ ಹಿಡಕೊಂಡಿರ್ತದ. ಅದಕ್ಕ ಇದು ಮ್ಯಾಲ ಇರಬೇಕು. ಕೆಳಗ ಇಳೀತೋ, ಬಾಲ್ಕನಿನೂ ಇಳೀತದ. ಅದಕ್ಕ ಇದರ ಮ್ಯಾಲ ಯಾರೂ ಕಾಲಿಡಬಾರ್ದು, ನಡಿಯಾಕ ಹಾಕಿದ ಹಲಗಿ ಮ್ಯಾಲ ನಡೀರಿ."

ದಸ್ತಗೀರ್ ಗೋಡೆಯ ಹತ್ತಿರ ಕೂತು ಇದನ್ನೆಲ್ಲ ಕೇಳಿಸಿಕೊಂಡ. ಅವನಿಗೆ ಕೂಡಲೇ ತಿಳಿಯಿತು. ಕಲ್ಲಿನ ಕೆಲಸದಲ್ಲೂ ಗೋಡೆಯಿಂದ ಹೊರಚಾಚಿದ ಕಲ್ಲು ನಿಲ್ಲುವುದು ಅದರ ಬಾಲದ ಮೇಲೆ ಗೋಡೆ ಕೂತಿರುವುದರಿಂದ. ಇಲ್ಲಿ ಆ ಹಿಡಿತವನ್ನು ಸರಳು ಮಾಡುತ್ತದೆ. ಎಷ್ಟು ಚೆಂದದ ಉಪಾಯ ಎಂದು ಒಂದು ಗಳಿಗೆ ಮನಸ್ಸು ಹಿಗ್ಗಿತು. ಮರುಗಳಿಗೆಯೇ, ಇದು ತನಗೆ ಬರಲಿಲ್ಲ, ಇವನಿಗೆ ಬಂತು ಎಂದು ಅದೇ ಮನಸ್ಸು ಕಹಿಯಾಯಿತು.

ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಎಂಜಿನಿಯರು ಬಂದು ಸರಳು ನೋಡಿ, ಸರಿಯಿದೆ ಎಂದು ಹೇಳಿ ಹೈದರಾಬಾದಿನ ಗಾಡಿ ಹಿಡಿದ. ಮಿಕ್ಸರ್ ಯಂತ್ರ ಗಡಗಡ ತಿರುಗಿತು. ಅಂಬಮ್ಮನ ತಂಡ ಬುಟ್ಟಿಯಿಂದ ಬುಟ್ಟಿಗೆ ಕಾಂಕ್ರೀಟು ದಾಟಿಸುತ್ತಾ ಹಿಂಬದಿಯಿಂದ ರಸ್ತೆಯ ಕಡೆಗೆ ಬಂತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಲ್ಕನಿಯಷ್ಟೇ ಉಳಿದಿತ್ತು. ಆಗ ಯಂತ್ರದ ಒಂದು ಚಕ್ರ ಮಣ್ಣಿನಲ್ಲಿ ಹೂತು ಅದು ವಾಲಿತು. ಸುಂಕಪ್ಪ ಕೆಳಗೆ ಓಡಿದ. ಚಕ್ರದ ಕೆಳಗೆ ಕೊಡಲು ಯಾರೋ ಬಾಲ್ಕನಿಯ ಮೇಲೆ ನಡೆಯಲು ಹಾಕಿದ್ದ ಹಲಗೆಗಳನ್ನೇ ಎತ್ತಿಕೊಂಡು ಹೋದರು. ಯಂತ್ರ ಮತ್ತೆ ತಿರುಗಿತು. ಆದರೆ ಹಲಗೆಗಳು ಮೇಲೆ ಬರಲಿಲ್ಲ. ಕಲಸಿದ್ದು ಗಟ್ಟಿಯಾಗುತ್ತದೆಂಬ ಅವಸರದಲ್ಲಿ ಗಂಡಾಳು ಹೆಣ್ಣಾಳು ಎಲ್ಲ ಸರಳಿನ ಮೇಲೆಯೇ ನಡೆದಾಡಿದರು. ಕೆಳಗಿನ ಕಬ್ಬಿಣದ ಕಾಲುಗಳು ಒಂದೊಂದಾಗಿ ಮಗುಚಿಕೊಂಡವು. ಸರಳು ಹಾಸಿಗೆಯ ಹಾಗೆ ತಳದ ಹಲಗೆಗೆ ಮಲಗಿತು. ಅದರ ಮೇಲೆ ಕಾಂಕ್ರೀಟು ಬಿತ್ತು.

ಈಗ ಆಳೆತ್ತರ ಬಂದಿದ್ದ ಕಾಂಪೌಂಡು ಗೋಡೆಯ ಮೇಲೆ ನಿಂತಿದ್ದ ದಸ್ತಗೀರನಿಗೆ ಇದೆಲ್ಲ ಅಂಗೈಯಷ್ಟು ಹತ್ತಿರ ಕಂಡಿತು. ಮೇಲಿದ್ದವರಿಗೆ ತುಳಿಯುವುದು ಗೊತ್ತಾಗಲಿಲ್ಲ. ಕೆಳಗಿದ್ದ ಸುಂಕಪ್ಪನಿಗೆ ಕಾಣುವಂತಿರಲಿಲ್ಲ. ಕಂಡಿದ್ದು ಅವನೊಬ್ಬನಿಗೇ. ಗೋಡೆಯಿಂದ ಇಳಿದು ಯಂತ್ರದ ಕಡೆಗೆ ನಡೆದ. "ಸುಂಕಪ್ಪ" ಎಂದು ಕರೆಯಲು ಬಾಯಿ ತೆರೆದಿದ್ದ.

ಅಷ್ಟರಲ್ಲಿ ಶಂಭುಲಿಂಗಪ್ಪನ ಜೀಪು ಬಂದು ನಿಂತಿತು. ಅವನು ಇಳಿದವನೇ ಮೇಲೆ ನೋಡಿ, ಸ್ಲ್ಯಾಬು ಮುಗಿಯುತ್ತ ಬಂದದ್ದು ಕಂಡು ಹಿಗ್ಗಿದ. ಜೀಪಿನಿಂದ ರೇಷ್ಮೆ ಅಂಚಿನ ರುಮಾಲು ತೆಗೆದು ಸುಂಕಪ್ಪನ ತಲೆಗೆ ತಾನೇ ಸುತ್ತಿದ.

"ಇಂಥಾ ಮೇಸ್ತ್ರಿ ಈ ಜಿಲ್ಲಾದಾಗ ಹಿಂದ ಇರ್ಲಿಲ್ಲ, ಮುಂದ ಹುಟ್ಟಂಗಿಲ್ಲ," ಎಂದ. ಕೂಲಿಯವರು ಚಪ್ಪಾಳೆ ತಟ್ಟಿದರು. ಆಮೇಲೆ ಪೇಡೆಯ ಡಬ್ಬಿ ಎಲ್ಲರ ಮುಂದೆ ಬಂತು. ಉಸುಕು ಜರಡಿ ಹಿಡಿಯುತ್ತಿದ್ದವನ ಕೈಗೆ ಒಂದು, ದಸ್ತಗೀರನ ಕೈಗೆ ಒಂದು. ಶಂಭುಲಿಂಗಪ್ಪ ಅವನ ಮುಖವನ್ನೂ ನೋಡದೆ ಮುಂದೆ ಹೋದ.

ಮಾನ್ವಿಯ ಗಿರಣಿ ಮುಗಿದ ದಿನ ಇದೇ ಶಂಭುಲಿಂಗಪ್ಪ ಇಂಥದೇ ರುಮಾಲನ್ನು ದಸ್ತಗೀರನ ತಲೆಗೆ ಸುತ್ತಿದ್ದ.

ದಸ್ತಗೀರ್ ತೆರೆದಿದ್ದ ಬಾಯಿಗೆ ಪೇಡೆ ಹಾಕಿಕೊಂಡ. ತಿರುಗಿ ನಡೆದು ತನ್ನ ಗೋಡೆಯ ಹತ್ತಿರ ಕೂತ. ಬೀಳಲಿ, ಎಂದುಕೊಂಡ. ಒಂದು ಸಲ ಬೀಳಲಿ.

ಕಾಂಕ್ರೀಟು ಗಟ್ಟಿಯಾಗಲೆಂದು ಸ್ಲ್ಯಾಬಿನ ಮೇಲೆ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಿದರು. ಕೆಳಗೆ ಆಸರೆಯ ಕಟ್ಟಿಗೆಗಳು ದಟ್ಟವಾಗಿ ನಿಂತಿದ್ದವು. ಆ ವಾರಗಳಲ್ಲಿ ದಸ್ತಗೀರನಿಗೆ ಒಂದು ಬಗೆಯ ಹುರುಪು. ಸುಂಕಪ್ಪನನ್ನು ಯಾರಾದರೂ ಹೊಗಳಿದರೆ ಮೊದಲಿನಂತೆ ಉರಿಯುತ್ತಿರಲಿಲ್ಲ. ನನಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ ಎಂದು ಒಳಗೇ ನಗುತ್ತಿದ್ದ. ಆದರೆ ಆ ಕಟ್ಟಿಗೆಗಳ ನೆರಳಲ್ಲಿ ಅಂಬಮ್ಮನ ಹೆಂಗಸರು ಬುತ್ತಿ ಬಿಚ್ಚಿ ಕೂತದ್ದು ಕಂಡರೆ ಅವನ ಕೈ ಕೆಲಸ ಮರೆಯುತ್ತಿತ್ತು. ಮನೆಯಲ್ಲಿ ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದ. ಖಾಸಿಂ ಬೀ ಹಕೀಮರ ಹತ್ತಿರ ಹೋಗಿ ಬನ್ನಿ ಎಂದಳು.

ಇದರ ನಡುವೆ ಸುಂಕಪ್ಪ ದೇವದುರ್ಗದಲ್ಲಿ ತಾಯಿಗೆಂದು ಹೊಸ ಮನೆ ಕಟ್ಟಿಸಿದ್ದ. ಮನೆ ಹೊಕ್ಕುವ ದಿನಕ್ಕೆ ಬರಲೇಬೇಕೆಂದು ರಾಯಚೂರಿನ ಮನೆಗೇ ಬಂದು ಖಾಸಿಂ ಬೀಗೆ ಹೇಳಿಹೋದ. ದಸ್ತಗೀರ್ ಒಲ್ಲೆನೆಂದ. ಅವಳು ಕೇಳಲಿಲ್ಲ.

"ಹೋಗದೆ ಇದ್ದರೆ ಜನ ಏನಂದಾರು? ಉಸ್ತಾದನಿಗೆ ಹೊಟ್ಟೆಕಿಚ್ಚು ಅಂತಾರೆ," ಎಂದಳು. ಅವಳು ಸುಮ್ಮನೆ ಅಂದ ಮಾತು. ಅವನು ಅಂಗಿ ತೊಟ್ಟು ಬಸ್ಸು ಹತ್ತಿದ.

ದೇವದುರ್ಗದ ಆ ಓಣಿಗೆ ತಿರುಗಿ ಮನೆಯನ್ನು ನೋಡಿದಾಗ ದಸ್ತಗೀರ್ ನಿಂತೇಬಿಟ್ಟ. ಕಾಂಕ್ರೀಟಿನ ಮನೆ ಇರುತ್ತದೆಂದು ಅವನು ತಿಳಿದಿದ್ದ. ಇದು ಕಲ್ಲಿನ ಮನೆ. ಗಚ್ಚು ತುಂಬಿದ ಸಾಲುಗಳು, ಎರಡಡಿ ಗೋಡೆ, ಮೂಲೆಗೆ ಉದ್ದ ಕಲ್ಲು, ಅಡ್ಡ ಕಲ್ಲು. ತಾನು ಕಲಿಸಿದ ಹಾಗೆಯೇ. ಹತ್ತಿರ ಹೋಗಿ ನೋಡಿದರೆ ಕೆಲಸದಲ್ಲಿ ಕುಂದು ಕಾಣುತ್ತಿತ್ತು. ಕಲ್ಲಿನ ಮುಖ ಎಲ್ಲೆಲ್ಲೂ ಒಂದೇ ಸಮ ಬಂದಿರಲಿಲ್ಲ. ಒಂದು ಮೂಲೆ ತುಸು ಉಬ್ಬಿತ್ತು.

ಸುಂಕಪ್ಪನ ತಾಯಿ ಚನ್ನಮಲ್ಲಮ್ಮ ಖಾಸಿಂ ಬೀಯ ಕೈ ಹಿಡಿದು ಒಳಗೆ ಕರೆದೊಯ್ದಳು. ಸುಂಕಪ್ಪ ದಸ್ತಗೀರನ ಪಕ್ಕ ಬಂದು ನಿಂತ.

"ನೋಡಬ್ಯಾಡ್ರಿ ಉಸ್ತಾದ್, ನಾಚಿಕಿ ಆಗ್ತದ. ಮೂರು ಸಲ ಬಿಚ್ಚಿ ಕಟ್ಟೀನಿ ಆ ಮೂಲಿ."

"ಕಾಂಕ್ರೀಟು ಮಾಡಬೇಕಿತ್ತು. ನಿನಗ ಬರೋದು ಅದ ಅಲ್ಲೇನು?"

ಸುಂಕಪ್ಪ ಗೋಡೆಯ ಮೇಲೆ ಅಂಗೈ ಇಟ್ಟ. "ನಾ ಯಾಕ ನಿಮ್ಮನ್ನ ಬಿಟ್ಟು ಥರ್ಮಲ್ಲಿಗೆ ಹೋದೆ, ಗೊತ್ತೇನ್ರಿ?"

"ಪಗಾರ ಹೆಚ್ಚು ಸಿಗ್ತದಂತ."

"ಅಲ್ರಿ. ನೀವು ಕಲ್ಲಿನ ಮ್ಯಾಲ ಉಳಿ ಇಟ್ರ, ಕಲ್ಲು ನೀವು ಹೇಳ್ದಲ್ಲೇ ಸೀಳ್ತಿತ್ತು. ನಾ ಇಟ್ರ ಅದು ತನಗ ಬೇಕಾದಲ್ಲಿ ಸೀಳ್ತಿತ್ತು. ಎಷ್ಟು ವರ್ಷ ಆದ್ರೂ ಹಂಗ. ನಿಮ್ಮ ಕೈ ನೋಡಿ ನೋಡಿ ನನಗ ಹೊಟ್ಟಿ ಉರೀತಿತ್ತು. ಒಂದಿನ ನಿಮ್ಮ ಉಳಿ ಕದ್ದು ಬಾವ್ಯಾಗ ಒಗದೀನಿ. ಇಲ್ಲಿದ್ರ ಸಾಯೋತನ ನಾ ಎರಡನೇಯವನ ಅಂತ ಓಡಿಹೋದೆ."

ಹೇಳಿ ನಕ್ಕ. ದಸ್ತಗೀರ್ ನಗಲಿಲ್ಲ. ಇಷ್ಟು ದಿನ ತನ್ನೊಬ್ಬನದೇ ಎಂದುಕೊಂಡಿದ್ದ ಬೇನೆಯನ್ನು ಈ ಮನುಷ್ಯ ಮಳೆ ಬೆಳೆಯ ಮಾತಿನಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ. ಬಾಲ್ಕನಿಯ ಸರಳಿನ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು, ನೆಂಟರು ಸುತ್ತುಗಟ್ಟಿದರು. ಆ ಗದ್ದಲದಲ್ಲಿ ಹೇಗೆ ಹೇಳುವುದು? ಹೊರಡುವಾಗ ಸುಂಕಪ್ಪ ಬಸ್ಸಿನವರೆಗೆ ಬಂದ.

"ನಾಳೆ ಮುಂಜಾನೆ ಬಾಲ್ಕನಿ ಆಸರಾ ಬಿಚ್ಚಿಸ್ತೀನಿ ಉಸ್ತಾದ್. ವಾಯಿದೆ ಮುಗದದ. ನೀವೂ ಇರ್ರಿ."

ಅವನು ಹಿಂಜರಿಯುತ್ತಿರುವಾಗಲೇ ಬಸ್ಸು ಹೊರಟಿತು. ದಾರಿಯುದ್ದಕ್ಕೂ ಖಾಸಿಂ ಬೀ ಚನ್ನಮಲ್ಲಮ್ಮನ ಅಡಿಗೆಯ ಮಾತಾಡಿದಳು. ಅವನಿಗೆ ಏನೂ ಕೇಳಿಸಲಿಲ್ಲ.

ಮರುದಿನ ಚಹಾ ಕುಡಿಯದೆ ಮನೆ ಬಿಟ್ಟ. ಆಟೋ ಸಿಗಲಿಲ್ಲ. ಸಿಟಿ ಬಸ್ಸು ಗಂಜ್ ಮಾರುಕಟ್ಟೆಯ ಹತ್ತಿರ ಎತ್ತಿನ ಬಂಡಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಇಳಿದು ಓಡಿದ. ಐವತ್ತು ದಾಟಿದ ಮನುಷ್ಯ ರಸ್ತೆಯಲ್ಲಿ ಓಡುವುದನ್ನು ಜನ ನಿಂತು ನೋಡಿದರು.

ಕಟ್ಟಡದ ಮುಂದೆ ಕೆಲಸ ಶುರುವಾಗಿತ್ತು. ತುದಿಯ ಕಟ್ಟಿಗೆಗಳ ಕೆಳಗಿನ ಬೆಣೆಗಳನ್ನು ಇಬ್ಬರು ಸುತ್ತಿಗೆಯಿಂದ ಬಡಿದು ತೆಗೆಯುತ್ತಿದ್ದರು. ಕೆಲವು ಕಟ್ಟಿಗೆ ಆಗಲೇ ನೆಲಕ್ಕೆ ಮಲಗಿದ್ದವು. ಬಿಚ್ಚಿದ ಹಲಗೆ ಹಿಡಿಯಲು ಅಂಬಮ್ಮ ಮತ್ತು ಅವಳ ಹೆಂಗಸರು ಬಾಲ್ಕನಿಯ ಕೆಳಗೇ ನಿಂತಿದ್ದರು. ಅವರ ನಡುವೆ ಸುಂಕಪ್ಪ.

"ಹೊರಗ ಬರ್ರಿ," ಎಂದು ದಸ್ತಗೀರ್ ಕೂಗಿದ. ಉಸಿರು ಸಾಲದೆ ಮಾತು ಒಡೆಯಿತು. "ಎಲ್ಲಾರೂ ಹೊರಗ ಬರ್ರಿ. ಬೆಣಿ ಮುಟ್ಟಬ್ಯಾಡ್ರಿ."

ಯಾರೂ ಅಲುಗಾಡಲಿಲ್ಲ. ಅವನು ಒಳಗೆ ನುಗ್ಗಿ ಅಂಬಮ್ಮನ ರಟ್ಟೆ ಹಿಡಿದು ಎಳೆದ. ಆಗ ಉಳಿದವರೂ ಬೆದರಿ ರಸ್ತೆಗೆ ಬಂದರು. ಸುಂಕಪ್ಪ ಕೊನೆಗೆ ಬಂದ.

"ಏನಾತ್ರಿ ಉಸ್ತಾದ್?"

"ಕಬ್ಬಿಣ ಕೆಳಗ ಅದ. ಕಾಂಕ್ರೀಟು ಹಾಕೋವಾಗ ಎಲ್ಲಾರೂ ತುಳದಾರ. ಹಲಗಿ ಒಯ್ದಿದ್ರು. ನಾ ನೋಡೀನಿ."

ಸುಂಕಪ್ಪ ತಲೆಯೆತ್ತಿ ಬಾಲ್ಕನಿಯ ಅಂಚಿಗೆ ಕಣ್ಣು ಹಾಯಿಸಿದ. ಆಸರೆ ತೆಗೆದ ಕಡೆ ಅಂಚು ಬೆರಳಿನಷ್ಟು ತಗ್ಗಿತ್ತು. ಅವನ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತು. ಇಬ್ಬರು ಆಳುಗಳನ್ನು ಕರೆದು, ತೆಗೆದ ಕಟ್ಟಿಗೆಗಳನ್ನು ಪಕ್ಕದಿಂದ ಒಂದೊಂದಾಗಿ ಮತ್ತೆ ನಿಲ್ಲಿಸಿ ಬೆಣೆ ಬಿಗಿಸಿದ. ಆಮೇಲೆ ಉಳಿ ಸುತ್ತಿಗೆ ಹಿಡಿದು ಮೇಲೆ ಹತ್ತಿದ. ಗೋಡೆಯ ಹತ್ತಿರ, ಸರಳು ಇರಬೇಕಾದ ಜಾಗದಲ್ಲಿ ಒಡೆದ. ಸಿಗಲಿಲ್ಲ. ಇನ್ನೂ ಒಡೆದ. ಹೆಚ್ಚುಕಡಿಮೆ ತಳ ಮುಟ್ಟುವ ಹೊತ್ತಿಗೆ ಕಬ್ಬಿಣ ಸಿಕ್ಕಿತು. ಮೇಲ್ಮೈಯಲ್ಲಿ ಗೋಡೆಯುದ್ದಕ್ಕೂ ದಾರದಂಥ ಬಿರುಕು ಓಡಿತ್ತು.

ಅವನು ಕೆಳಗಿಳಿದು ಬಂದು ದಸ್ತಗೀರನೆದುರು ನಿಂತ.

"ಅವತ್ತ ನೋಡಿದ್ರಿ?"

"ಹೂಂ."

"ಹಂಗಾರ ಅವತ್ತ ಯಾಕ ಹೇಳಲಿಲ್ಲ?"

ಕೂಲಿಯವರೆಲ್ಲ ಸುತ್ತ ನಿಂತಿದ್ದರು. ಎದುರು ಚಹಾ ಅಂಗಡಿಯವರೂ ಬಂದಿದ್ದರು. ದಸ್ತಗೀರ್ ನೆಲ ನೋಡಲಿಲ್ಲ, ಸುಂಕಪ್ಪನನ್ನೇ ನೋಡಿದ.

"ಸಾವ್ಕಾರ ನಿನಗ ರುಮಾಲು ಸುತ್ತಿದ. ನನಗ ತಡಕೊಳ್ಳಾಕ ಆಗಲಿಲ್ಲ."

ಸುಂಕಪ್ಪನ ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು. ಅವನು ಅದನ್ನು ನೆಲದ ಮೇಲಿಟ್ಟು, ಬೆನ್ನು ತಿರುಗಿಸಿ ಹೋಗಿ ಸಿಮೆಂಟು ಚೀಲದ ಮೇಲೆ ಕೂತ. ಮಾತಾಡಿದವಳು ಅಂಬಮ್ಮ.

"ಯಣ್ಣಾ, ಇಷ್ಟು ದಿನ ಅದರ ಕೆಳಗ ರೊಟ್ಟಿ ತಿಂದೀವಿ. ನಿನ್ನ ಕಣ್ಣಮುಂದ ತಿಂದೀವಿ."

ದಸ್ತಗೀರ್ ಈಗ ನೆಲ ನೋಡಿದ.

ಮಧ್ಯಾಹ್ನ ಮಾನ್ವಿಯಿಂದ ಶಂಭುಲಿಂಗಪ್ಪ ಬಂದ. ಬಾಲ್ಕನಿ ನೋಡಿದ, ಎಲ್ಲ ಕೇಳಿದ, ಕೆಂಡವಾದ. ಕೋಪವೆಲ್ಲ ಸುಂಕಪ್ಪನ ಮೇಲೆ ಹರಿಯಿತು. "ಮೇಸ್ತ್ರಿ ಆದವ ಯಂತ್ರದ ಹಿಂದ ಓಡಿದ್ರ ಮ್ಯಾಲ ನೋಡೋರು ಯಾರು? ನಡಿ ನೀ. ನಿನ್ನ ಕೆಲಸ ಇಲ್ಲಿಗಿ ಸಾಕು." ಆಮೇಲೆ ದಸ್ತಗೀರನ ಕಡೆ ತಿರುಗಿದ. "ಉಸ್ತಾದ್, ತಡಾ ಆದ್ರೂ ನೀವು ಜೀವ ಉಳಿಸಿದ್ರಿ. ಹಳೇದು ಹಳೇದ. ಇನ್ನ ಈ ಕಟ್ಟಡ ನೀವ ನಡಸ್ರಿ. ಮ್ಯಾಲಿನ ಮಹಡಿ ಬೇಕಾದ್ರ ಕಲ್ಲಿನ ಗೋಡಿನ ಇರ್ಲಿ."

ತಿಂಗಳುಗಟ್ಟಲೆ ಅವನು ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದ ಮಾತು ಇದು. ನಿಜವಾಗಿ ಕಿವಿಗೆ ಬಿದ್ದಾಗ ಅವನು ಸುಂಕಪ್ಪನ ಕಡೆ ನೋಡಿದ. ಆಚೆ ಚೀಲದ ಮೇಲೆ ಕೂತಿದ್ದ ಸುಂಕಪ್ಪ ತಲೆ ಎತ್ತಲಿಲ್ಲ.

"ನನಗ ಬರಂಗಿಲ್ರಿ ಸಾವ್ಕಾರ್ರ," ಎಂದ ದಸ್ತಗೀರ್. "ಈ ಕಂಬಗಳ ಮ್ಯಾಲ ಕಲ್ಲಿನ ಗೋಡಿ ಹೇರಿದ್ರ ಅವು ತಡಿಯಂಗಿಲ್ಲ. ಅವು ಅದಕ್ಕಂತ ಮಾಡಿದವು ಅಲ್ಲ. ಕಂಬ ನಾ ಬಡದು ನೋಡೀನಿ, ಗುಂಡು ಬಿಟ್ಟು ನೋಡೀನಿ. ಕೂದಲಷ್ಟು ತಪ್ಪಿಲ್ಲ. ಬಾಲ್ಕನಿ ಒಡಸ್ರಿ, ಅವನ ಕೈಲೇ ಮತ್ತ ಹಾಕಸ್ರಿ. ಅವನ್ನ ಬಿಡಿಸಿದ್ರ ನಾನೂ ಗೋಡಿ ಬಿಟ್ಟು ಹೋಗ್ತೀನಿ."

ಶಂಭುಲಿಂಗಪ್ಪ ಬೈದುಕೊಳ್ಳುತ್ತಾ ಜೀಪು ಹತ್ತಿದ. ಸಂಜೆ ಎಂಜಿನಿಯರಿಗೆ ಟ್ರಂಕಾಲ್ ಮಾಡಿಸಿದ ಮೇಲೆ ಸುಂಕಪ್ಪನೇ ಮತ್ತೆ ಹಾಕಲಿ ಎಂದು ಒಪ್ಪಿದ. ಈ ಕೆಲಸ ಬಲ್ಲ ಬೇರೆ ಮೇಸ್ತ್ರಿ ಹತ್ತಿರದಲ್ಲಿ ಸಿಗುವಂತಿರಲಿಲ್ಲ.

ಬಾಲ್ಕನಿ ಒಡೆಯುವುದು ಸುಲಭವಾಗಲಿಲ್ಲ. ಕೆಳಗಿನ ಆಸರೆ ಹಾಗೇ ಇಟ್ಟು, ತುದಿಯಿಂದ ತುಣುಕು ತುಣುಕಾಗಿ ಕಡಿಯಬೇಕಾಗಿತ್ತು. ಸುಂಕಪ್ಪ ತಾನೇ ಸುತ್ತಿಗೆ ಹಿಡಿದು ಒಂದು ತುದಿಯಿಂದ ಶುರುಮಾಡಿದ. ದಸ್ತಗೀರ್ ಯಾರೂ ಕರೆಯದೆ ಇನ್ನೊಂದು ತುದಿಗೆ ಹೋಗಿ ಕೂತ. ದಿನಗಳು ಹೋದವು. ಇಬ್ಬರೂ ಒಡೆದರು, ಒಂದು ಮಾತೂ ಆಡಲಿಲ್ಲ. ಒಬ್ಬನ ಸದ್ದು ನಿಂತರೆ ಇನ್ನೊಬ್ಬನ ಸದ್ದು ಕೇಳುತ್ತಿತ್ತು. ಅಂಬಮ್ಮನ ಹೆಂಗಸರು ಒಡೆದ ಚೂರು ಹೊತ್ತು ಹಾಕುವಾಗ ದಸ್ತಗೀರನ ಕಡೆಯ ರಾಶಿಯನ್ನು ಕೊನೆಗೆ ಎತ್ತುತ್ತಿದ್ದರು.

ಸರಳುಗಳನ್ನು ಮತ್ತೆ ಮೇಲೆತ್ತಿ ಕಟ್ಟಿದ ದಿನ, ಕಾಂಕ್ರೀಟು ಹಾಕುವ ಮುಂಚೆ, ಸುಂಕಪ್ಪ ಮೊದಲ ಸಲ ಬಾಯಿ ಬಿಟ್ಟ.

"ನಿಮ್ಮನ್ನ ಮಾಫ್ ಮಾಡೀನಂತ ತಿಳಕೋಬ್ಯಾಡ್ರಿ. ನಾನೂ ಮ್ಯಾಲ ಬಂದು ನೋಡಬೇಕಿತ್ತು, ನೋಡಲಿಲ್ಲ. ಅದು ನನ್ನ ತಪ್ಪು. ನಿಮ್ಮದು ಬ್ಯಾರೆ." ಆಮೇಲೆ ಹಲಗೆಗಳ ಕಡೆ ಕೈ ತೋರಿಸಿದ: "ಇವತ್ತ ಹಲಗಿ ಕಾಯೋರು ಬೇಕು."

ದಸ್ತಗೀರ್ ಹಲಗೆಗಳ ಪಕ್ಕ ನಿಂತ. ಕೊನೆಯ ಬುಟ್ಟಿ ಸುರಿಯುವವರೆಗೆ ಒಂದು ಹಲಗೆಯನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಒಬ್ಬ ಕೂಲಿಯವನು ಸರಳಿನ ಮೇಲೆ ಹೆಜ್ಜೆಯಿಡಲು ಹೋದಾಗ ಅವನ ಕಾಲು ಹಿಡಿದು ಹಲಗೆಯ ಮೇಲಿಟ್ಟ.

ವಾಯಿದೆ ಮುಗಿದು ಆಸರೆ ತೆಗೆದಾಗ ಎಂಜಿನಿಯರೂ ಇದ್ದ. ತುದಿಯಿಂದ ಗೋಡೆಯ ಕಡೆಗೆ ಒಂದೊಂದೇ ಕಟ್ಟಿಗೆ ಸರಿಸಿದರು. ಬಾಲ್ಕನಿ ನಿಂತಿತು. ಎಂಜಿನಿಯರು ಸುಂಕಪ್ಪನ ಬೆನ್ನು ತಟ್ಟಿದ. ಶಂಭುಲಿಂಗಪ್ಪ ಮತ್ತೆ ಮುಖ ಅರಳಿಸಿದ. ಜನರ ಹಿಂದೆ ನಿಂತಿದ್ದ ದಸ್ತಗೀರನಿಗೆ ಹೊಟ್ಟೆಯೊಳಗೆ ಅದೇ ಹಳೆಯ ಉರಿ ಚುರುಕ್ಕೆಂದಿತು. ಹೋಗಿದೆ ಎಂದುಕೊಂಡಿದ್ದ, ಹೋಗಿರಲಿಲ್ಲ.

ಅಂದು ಮನೆಗೆ ಹೋದವನ ಮುಖ ನೋಡಿ ಖಾಸಿಂ ಬೀ, "ಕ್ಯಾ ಹುವಾ ಜೀ?" ಎಂದಳು. ಅವನು ಇದುವರೆಗೆ ಅವಳಿಂದ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದ. ಅವಳು ಬಹಳ ಹೊತ್ತು ಅಕ್ಕಿ ಆರಿಸುತ್ತಾ ಕೂತಳು. ಬೈಯಲಿಲ್ಲ.

"ಶುಕ್ರವಾರ, ಜುಮ್ಮಾ ದಿನ ಅವನನ್ನು ಊಟಕ್ಕೆ ಕರೀರಿ," ಎಂದಳು ಕೊನೆಗೆ.

"ಬರುವುದಿಲ್ಲ ಅವನು."

"ನೀವು ಕರೆದರೆ ಬರದೆ ಇರಬಹುದು. ನಾನು ಕರೆದಿದ್ದೇನೆ ಅನ್ನಿ."

ಸುಂಕಪ್ಪ ಬಂದ. ಖಾಸಿಂ ಬೀ ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡ. ಅವಳು ದೇವದುರ್ಗದ ಮನೆ, ತಾಯಿಯ ಮೊಣಕಾಲು ನೋವು, ಎಲ್ಲ ಕೇಳಿದಳು. ಅವಳಿಗಷ್ಟೇ ಉತ್ತರ ಕೊಟ್ಟ. ಊಟ ಮುಗಿಯುತ್ತಾ ಬಂದಾಗ ದಸ್ತಗೀರನ ಕಡೆ ನೋಡಿದ.

"ಮಹಬೂಬನಗರದಾಗ ಒಂದು ಹತ್ತಿ ಮಿಲ್ಲು ಹಿಡದೀನಿ. ಕಂಬ, ತೊಲಿ ನನ್ನವು. ಅವರಿಗಿ ಮುಂದಿನ ಮುಖಕ್ಕ ಕಲ್ಲು ಬೇಕಂತ. ನಿಮ್ಮಂಗ ಕಲ್ಲು ಮಾಡೋರು ನನಗ ಇನ್ನೊಬ್ಬರು ಗೊತ್ತಿಲ್ಲ. ಬರ್ತೀರೇನು?"

ಖಾಸಿಂ ಬೀ ಗಂಡನ ಮುಖ ನೋಡಿದಳು. ದಸ್ತಗೀರ್ ಅನ್ನ ಕಲಸುವುದನ್ನು ನಿಲ್ಲಿಸಿದ.

"ಬರಂಗಿಲ್ಲ."

"ಯಾಕ್ರಿ?"

"ನಿನ್ನ ಜೋಡಿ ಬಂದ್ರ ಮತ್ತ ಉರೀತದಪ. ಇವತ್ತೂ ಉರೀತು, ಆ ಎಂಜಿನಿಯರು ನಿನ್ನ ಬೆನ್ನು ತಟ್ಟಿದ್ದು ನೆನಸಿಕೊಂಡು. ಈ ವಯಸ್ಸಿನಾಗ ನನ್ನ ಮ್ಯಾಲ ನನಗ ಭರೋಸಾ ಇಲ್ಲ. ಕಾಂಪೌಂಡು ಮುಗಸ್ತೀನಿ. ಆಮ್ಯಾಲ ಮಾನ್ವಿ ಕಡಿಗಿ ಸಣ್ಣ ಸಣ್ಣ ಕೆಲಸ ಅದಾವ, ನನಗ ಅವು ಸಾಕು."

ಸುಂಕಪ್ಪ ಅವನನ್ನೇ ನೋಡುತ್ತಾ ಕೂತ. ಬಾಲ್ಕನಿ ಬಿರುಕು ಬಿಟ್ಟ ದಿನದಿಂದ ಮೊದಲ ಸಲ ಅವನ ಮುಖ ಸಡಿಲಾಯಿತು. ನಗು ಬಂತು, ತಡೆದುಕೊಳ್ಳಲಿಲ್ಲ.

"ಬರ್ಲಿಕ್ಕೇ ಬ್ಯಾಡ್ರಿ ಹಂಗಾರ," ಎಂದ. "ನೀವು ಬಂದು ಕಲ್ಲು ಕೆತ್ತಾಕ ಕುಂತ್ರ ನನಗೂ ಉರೀತದ."

ಖಾಸಿಂ ಬೀಗೆ ಸುಂಕಪ್ಪನ ಮಾತು ಪೂರ್ತಿ ಅರ್ಥವಾಗಲಿಲ್ಲ. ಅವಳು ಸುಂಕಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡವೆನ್ನದೆ ಮುರಿದು ತಿಂದ.